“ವಯಸ್ಸಾಯಿತು ಬಿಡಿ” ಎನ್ನುವ ಮುನ್ನ

(ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ತಪಾಸಣೆಗೆ ಬಂದ ಹಿರಿಯರಿಗೂ ಅವರ ಜೊತೆಗೆ ಬಂದ ಬಂಧುಗಳಿಗೂ ನಮ್ಮ ಶುಶ್ರೂಷಾ ಶಿಕ್ಷಕಿಯವರು ನೀಡಿದ ಉಪನ್ಯಾಸದ ಬರಹ ರೂಪ)



ನೀವೆಲ್ಲ ಬೆಳಿಗ್ಗೆಯಿಂದ ಚೀಟಿ ಹಿಡಿದು ಕುಳಿತಿದ್ದೀರಿ. ಕೆಲವರ ಕಣ್ಣಿಗೆ ಪಾಪೆ ಅಗಲವಾಗುವ ಹನಿ ಹಾಕಿದ್ದೇವೆ. ಇನ್ನು ಸ್ವಲ್ಪ ಹೊತ್ತು ಕಣ್ಣು ಮಂಜಾಗಿರುತ್ತದೆ, ಹತ್ತಿರದ್ದು ಓದಲು ಬರುವುದಿಲ್ಲ. ಆದರೆ ಕೇಳಲು ಬರುತ್ತದೆ. ಆದ್ದರಿಂದ ಈ ಬಿಡುವಿನಲ್ಲಿ ನಾಲ್ಕು ಮಾತು ಹೇಳುತ್ತೇನೆ.

ಹೆಸರು ಬರೆಸುವ ಮೇಜಿನ ಬಳಿ “ಏನು ತೊಂದರೆ?” ಎಂದು ಕೇಳಿದರೆ ಹೆಚ್ಚಿನವರು ಕೊಡುವ ಉತ್ತರ ಒಂದೇ: “ಏನಿಲ್ಲವಾ, ವಯಸ್ಸಾತಲ್ಲ, ಕಣ್ಣು ಮಂದ ಆಗ್ಯಾವ.” ಜೊತೆಗೆ ಬಂದ ಮಗನೂ ಅದನ್ನೇ ಹೇಳುತ್ತಾನೆ, ಸೊಸೆಯೂ ಅದನ್ನೇ ಹೇಳುತ್ತಾಳೆ. ಈ ಮಾತು ಅರ್ಧ ನಿಜ. ವಯಸ್ಸಾದಂತೆ ಎಲ್ಲರ ಕಣ್ಣೂ ಬದಲಾಗುತ್ತದೆ. ಆದರೆ ಕೆಲವು ರೋಗಗಳು ಇದೇ ಮಾತಿನ ಮರೆಯಲ್ಲಿ ಅಡಗಿ ಕುಳಿತು ಕಣ್ಣನ್ನೇ ಕಸಿದುಕೊಳ್ಳುತ್ತವೆ. ಯಾವುದು ವಯಸ್ಸು, ಯಾವುದು ರೋಗ ಎಂದು ಬೇರೆ ಮಾಡಿ ತಿಳಿದುಕೊಳ್ಳುವುದೇ ಇವತ್ತಿನ ಮಾತಿನ ಉದ್ದೇಶ.

ಕಣ್ಣು ನೋಡುವ ಬಗೆ

ಕಣ್ಣಿನ ಮುಂಭಾಗದಲ್ಲಿ ಗಾಜಿನಂಥ ಸ್ವಚ್ಛವಾದ ಪದರವಿದೆ, ಅದು ಕಾರ್ನಿಯಾ. ಅದರ ಹಿಂದೆ ಬೆಳಕು ಒಳಗೆ ಹೋಗುವ ಕಿಂಡಿ, ಅದು ಪಾಪೆ. ಪಾಪೆಯ ಹಿಂದೆ ಅವರೆಕಾಳಿನ ಆಕಾರದ ಮಸೂರವಿದೆ. ಕಣ್ಣಿನ ಹಿಂಗೋಡೆಗೆ ಅಂಟಿಕೊಂಡಿರುವ ತೆಳು ಪರದೆ ಅಕ್ಷಿಪಟ. ಬೆಳಕು ಮಸೂರವನ್ನು ದಾಟಿ ಅಕ್ಷಿಪಟದ ಮೇಲೆ ಬೀಳುತ್ತದೆ. ಅಲ್ಲಿಂದ ದೃಷ್ಟಿನರವು ಸುದ್ದಿಯನ್ನು ಮೆದುಳಿಗೆ ಒಯ್ಯುತ್ತದೆ. ಇವುಗಳಲ್ಲಿ ಯಾವುದೊಂದು ಕೆಟ್ಟರೂ ನಮಗೆ ಅನಿಸುವುದು “ಮಂದ ಕಾಣುತ್ತದೆ” ಎಂದೇ. ಅದಕ್ಕಾಗಿಯೇ ಮಂದ ಕಾಣಲು ಕಾರಣವೇನೆಂದು ಮನೆಯಲ್ಲಿ ಕುಳಿತು ಊಹಿಸಬಾರದು.

ನಲವತ್ತರ ಚಾಳೀಸು

ವಯಸ್ಸಿನ ಬದಲಾವಣೆಗಳಲ್ಲಿ ಮೊದಲು ಗೊತ್ತಾಗುವುದು ಮಸೂರದ್ದು. ನಮ್ಮ ಚರ್ಮ ಹಳೆಯದನ್ನು ಉದುರಿಸಿ ಹೊಸದಾಗುತ್ತದೆ, ಕೂದಲು ಉದುರಿ ಮತ್ತೆ ಬೆಳೆಯುತ್ತದೆ. ಮಸೂರ ಮಾತ್ರ ಏನನ್ನೂ ಹೊರಗೆ ಹಾಕುವುದಿಲ್ಲ. ಈರುಳ್ಳಿಯ ಹಾಗೆ ಪದರದ ಮೇಲೆ ಪದರ ಕಟ್ಟಿಕೊಳ್ಳುತ್ತ ಜೀವನಪೂರ್ತಿ ಬೆಳೆಯುತ್ತದೆ. ನೀವು ತಾಯಿಯ ಹೊಟ್ಟೆಯಲ್ಲಿದ್ದಾಗ ಹುಟ್ಟಿದ ಎಳೆಗಳು ಇವತ್ತಿಗೂ ಅದರ ನಡುವೆ ಇವೆ. ಹೊಸ ಪದರಗಳ ಒತ್ತಡಕ್ಕೆ ಆ ನಡುಭಾಗ ವರ್ಷದಿಂದ ವರ್ಷಕ್ಕೆ ಬಿಗಿಯಾಗುತ್ತ, ಗಟ್ಟಿಯಾಗುತ್ತ ಹೋಗುತ್ತದೆ.

ಮಸೂರ ಮೃದುವಾಗಿದ್ದಾಗ ಹತ್ತಿರದ್ದನ್ನು ನೋಡಲು ತಾನಾಗಿ ಉಬ್ಬುತ್ತದೆ, ದೂರ ನೋಡಲು ಚಪ್ಪಟೆಯಾಗುತ್ತದೆ. ಹತ್ತು ವರ್ಷದ ಮಗು ಪುಸ್ತಕವನ್ನು ಮೂಗಿನಿಂದ ನಾಲ್ಕು ಬೆರಳು ದೂರದಲ್ಲಿ ಹಿಡಿದರೂ ಅಕ್ಷರ ಕಾಣುತ್ತದೆ. ನಲವತ್ತು ದಾಟಿದ ಮೇಲೆ ಗಟ್ಟಿಯಾದ ಮಸೂರ ಅಷ್ಟು ಉಬ್ಬಲಾರದು. ಪಂಚಾಂಗವನ್ನೋ ಮದುವೆ ಪತ್ರಿಕೆಯನ್ನೋ ಕೈ ಚಾಚಿ ದೂರ ಹಿಡಿಯುತ್ತೇವೆ. ಸೂಜಿಗೆ ದಾರ ಪೋಣಿಸಲು ಮೊಮ್ಮಕ್ಕಳನ್ನು ಕರೆಯುತ್ತೇವೆ. ಇದಕ್ಕೇ ಚಾಳೀಸು ಎನ್ನುವುದು. ಇದು ರೋಗವಲ್ಲ, ಎಲ್ಲರಿಗೂ ಬರುತ್ತದೆ.

ಇದಕ್ಕೆ ಪರಿಹಾರ ಸುಲಭ. ಬೇರೆ ದೋಷವಿಲ್ಲದ ಕಣ್ಣಿಗೆ ಓದುವ ಕನ್ನಡಕದ ನಂಬರು 40ರ ಆಸುಪಾಸಿನಲ್ಲಿ ಪ್ಲಸ್ 1, 50ಕ್ಕೆ ಸುಮಾರು ಪ್ಲಸ್ 2, 60ರ ಹೊತ್ತಿಗೆ ಪ್ಲಸ್ 2.5ರಿಂದ 3ರವರೆಗೆ ಹೋಗಿ ಹೆಚ್ಚುಕಡಿಮೆ ಅಲ್ಲಿಗೆ ನಿಲ್ಲುತ್ತದೆ. “ಕನ್ನಡಕ ಹಾಕಿದ್ದಕ್ಕೇ ನಂಬರು ಏರಿತು” ಎಂದು ಬಹಳ ಜನ ಹೇಳುತ್ತಾರೆ. ಹಾಗಲ್ಲ. ಹಾಕಿದರೂ ಏರುತ್ತದೆ, ಹಾಕದಿದ್ದರೂ ಏರುತ್ತದೆ. ಹಾಕದವರಿಗೆ ತಲೆನೋವು ಹೆಚ್ಚಿಗೆ ಸಿಗುತ್ತದೆ, ಅಷ್ಟೇ.

ಆದರೆ ಒಂದು ಎಚ್ಚರಿಕೆ. ಜಾತ್ರೆಯಲ್ಲಿ, ಸಂತೆಯಲ್ಲಿ ಸಿಗುವ ಕನ್ನಡಕ ಹಾಕಿಕೊಂಡರೆ ಅಕ್ಷರ ಕಾಣಬಹುದು. ಅದರಿಂದ ಕಣ್ಣು ಕೆಡುವುದಿಲ್ಲ. ಆದರೆ ಅದನ್ನು ಮಾರುವವನು ನಿಮ್ಮ ಕಣ್ಣಿನ ಒತ್ತಡ ನೋಡುವುದಿಲ್ಲ, ನರ ನೋಡುವುದಿಲ್ಲ. ಚಾಳೀಸಿನ ನೆಪದಲ್ಲಾದರೂ ಒಮ್ಮೆ ಕಣ್ಣಿನ ವೈದ್ಯರ ಮುಂದೆ ಕುಳಿತರೆ ಉಳಿದೆಲ್ಲ ಗೊತ್ತಾಗುತ್ತದೆ.

ಸಂಜೆಯಾದರೆ ಕತ್ತಲು ಹೆಚ್ಚು ಏಕೆ?

“ಈಗಿನ ಲೈಟು ಮೊದಲಿನಂಗ ಇಲ್ಲ” ಎಂದು ಅಜ್ಜಂದಿರು ಗೊಣಗುತ್ತಾರೆ, ಮನೆಯವರು ನಗುತ್ತಾರೆ. ನಗಬೇಡಿ, ಅವರು ಹೇಳುವುದು ನಿಜ. ವಯಸ್ಸಾದಂತೆ ಪಾಪೆ ಚಿಕ್ಕದಾಗುತ್ತದೆ, ಕತ್ತಲಲ್ಲಿ ಮೊದಲಿನಷ್ಟು ಅಗಲವಾಗುವುದಿಲ್ಲ. ಮಸೂರ ಹಳದಿಗಟ್ಟಿ ಬೆಳಕನ್ನು ತಡೆಯುತ್ತದೆ. ಇಪ್ಪತ್ತು ವರ್ಷದವರ ಅಕ್ಷಿಪಟಕ್ಕೆ ತಲುಪುವ ಬೆಳಕಿನ ಸುಮಾರು ಮೂರನೇ ಒಂದು ಭಾಗ ಮಾತ್ರ ಅರವತ್ತು ವರ್ಷದವರ ಅಕ್ಷಿಪಟಕ್ಕೆ ತಲುಪುತ್ತದೆ. ಅದೇ ಕೋಣೆ, ಅದೇ ಬಲ್ಬು, ಆದರೆ ಅಜ್ಜನ ಪಾಲಿಗೆ ಬರುವ ಬೆಳಕು ಕಡಿಮೆ.

ಬಿಸಿಲಿನಿಂದ ಒಳಗೆ ಬಂದಾಗ ಕಣ್ಣು ಹೊಂದಿಕೊಳ್ಳಲು ಹೆಚ್ಚು ಹೊತ್ತು ಬೇಕು. ಮೆಟ್ಟಿಲಿನ ಅಂಚು ಗುರುತು ಸಿಗುವುದಿಲ್ಲ. ವಯಸ್ಸಾದವರು ಬಿದ್ದು ಸೊಂಟ ಮುರಿದುಕೊಳ್ಳುವುದರ ಹಿಂದೆ ಎಷ್ಟೋ ಸಲ ಕಾಲಿನ ಶಕ್ತಿಯ ಜೊತೆಗೆ ಕಣ್ಣಿನ ಮಂದವೂ ಇರುತ್ತದೆ.

ಇನ್ನೂ ಕೆಲವು ಸಹಜ ಬದಲಾವಣೆಗಳಿವೆ. ಕಪ್ಪುಗುಡ್ಡೆಯ ಸುತ್ತ ಬೂದುಬಿಳಿ ಬಳೆ ಕಾಣಿಸುವುದು ಮುಪ್ಪಿನಲ್ಲಿ ಸಾಮಾನ್ಯ, ಅದು ಪೊರೆಯಲ್ಲ, ಅದರಿಂದ ದೃಷ್ಟಿಗೆ ಧಕ್ಕೆಯಿಲ್ಲ. ಕಣ್ಣೀರಿನ ಗುಣ ಕಡಿಮೆಯಾಗಿ ಕಣ್ಣು ಉರಿಯುವುದು, ಮರಳು ಬಿದ್ದಂತಾಗುವುದು ಉಂಟು. ಅಂಥ ಒಣಗಿದ ಕಣ್ಣೇ ಒಮ್ಮೊಮ್ಮೆ ಹೆಚ್ಚಾಗಿ ನೀರು ಸುರಿಸುತ್ತದೆ. ಇವಕ್ಕೆ ವೈದ್ಯರು ಬರೆದುಕೊಟ್ಟ ಹನಿ ಸಾಕು. ಹರಳೆಣ್ಣೆ, ಜೇನುತುಪ್ಪ, ಎದೆಹಾಲು, ಸೊಪ್ಪಿನ ರಸ ಯಾವುದನ್ನೂ ಕಣ್ಣಿಗೆ ಬಿಡಬೇಡಿ. ಅವುಗಳಿಂದ ಕಾರ್ನಿಯಾಕ್ಕೆ ಸೋಂಕು ತಗುಲಿ ಹುಣ್ಣಾಗಿ ಇದ್ದ ದೃಷ್ಟಿಯೂ ಹೋಗಬಹುದು.

ಪೊರೆ ಬಲಿಯಬೇಕೆ?

ಮಸೂರ ಗಟ್ಟಿಯಾಗುವುದು ಚಾಳೀಸು, ಮಸೂರ ಮಬ್ಬಾಗುವುದು ಪೊರೆ. ಮೋತಿಬಿಂದು ಎನ್ನುವುದೂ ಇದನ್ನೇ. ಮಸೂರದೊಳಗಿನ ಪ್ರೋಟೀನು ಮೊಟ್ಟೆಯ ಬಿಳಿಭಾಗ ಬೆಂದಂತೆ ನಿಧಾನವಾಗಿ ಬೆಳ್ಳಗಾಗುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ, ಬೀಡಿ ಸಿಗರೇಟು ಸೇದುವವರಿಗೆ, ಸ್ಟೀರಾಯ್ಡ್ ಔಷಧಿಯನ್ನು ಬಹುಕಾಲ ತೆಗೆದುಕೊಂಡವರಿಗೆ, ಬಿಸಿಲಿನಲ್ಲೇ ದುಡಿಯುವವರಿಗೆ ಬೇಗ ಬರುವ ಸಂಭವ ಹೆಚ್ಚು.

ಇದರಲ್ಲೊಂದು ಸೋಜಿಗವಿದೆ. ಕೆಲವು ಅಜ್ಜಂದಿರು “ಕನ್ನಡಕ ಇಲ್ಲದೇ ಪೇಪರ್ ಓದ್ತೀನಿ, ಕಣ್ಣು ಎಳೇವು ಆದವು” ಎಂದು ಹಿಗ್ಗುತ್ತಾರೆ. ಮಸೂರದ ನಡುಭಾಗದಲ್ಲಿ ಪೊರೆ ಬರುವಾಗ ಮಸೂರದ ಶಕ್ತಿ ಹೆಚ್ಚುವುದರಿಂದ ಹತ್ತಿರದ್ದು ಕೆಲವು ದಿನ ಚೆನ್ನಾಗಿ ಕಾಣುತ್ತದೆ. ದೂರದ್ದು ಮಸುಕಾಗುತ್ತದೆ. ಅದು ಎಳೆತನವಲ್ಲ, ಪೊರೆಯ ಮುನ್ಸೂಚನೆ.

ಇನ್ನು “ಪೊರೆ ಬಲಿಯಲಿ, ಆಮೇಲೆ ತೆಗೆಸೋಣ” ಎಂಬ ಮಾತು. ಇದಕ್ಕೆ ಹಿಂದೆ ಕಾರಣವಿತ್ತು. 2005ರಲ್ಲಿ ನಮ್ಮನ್ನಗಲಿದ ಡಾ. ಎಂ. ಸಿ. ಮೋದಿಯವರ ಕಣ್ಣಿನ ಶಿಬಿರಗಳನ್ನು ಇಲ್ಲಿರುವ ಹಿರಿಯರು ಕಂಡಿರಬಹುದು. ಊರೂರಿಗೆ ಹೋಗಿ ಲಕ್ಷಾಂತರ ಬಡವರಿಗೆ ಕಣ್ಣು ಕೊಟ್ಟವರು ಅವರು. ಆ ಕಾಲದ ಶಸ್ತ್ರಕ್ರಿಯೆಯಲ್ಲಿ ಮಸೂರವನ್ನು ತೆಗೆದ ಮೇಲೆ ಅದರ ಜಾಗ ಖಾಲಿ ಉಳಿಯುತ್ತಿತ್ತು. ಸೋಡಾ ಬಾಟಲಿಯ ತಳದಂಥ ದಪ್ಪ ಕನ್ನಡಕ ಹಾಕಬೇಕಿತ್ತು. ಆದ್ದರಿಂದ ಪೂರ್ತಿ ಮಬ್ಬಾಗುವ ತನಕ ಕಾಯುವುದರಲ್ಲಿ ಅರ್ಥವಿತ್ತು.

ಈಗ ಹಾಗಿಲ್ಲ. ತೆಗೆದ ಜಾಗದಲ್ಲಿ ಕೃತಕ ಮಸೂರ ಇಡುತ್ತಾರೆ. ಇದನ್ನು ಮೊದಲು ಮಾಡಿದವರು ಲಂಡನ್ನಿನ ಹೆರಾಲ್ಡ್ ರಿಡ್ಲಿ ಎಂಬ ವೈದ್ಯರು, 1949ರಲ್ಲಿ. ಎರಡನೇ ಮಹಾಯುದ್ಧದಲ್ಲಿ ವಿಮಾನದ ಪ್ಲಾಸ್ಟಿಕ್ ಗಾಜು ಒಡೆದು ಅದರ ಚೂರುಗಳು ಪೈಲಟ್‌ಗಳ ಕಣ್ಣಿನಲ್ಲಿ ಸಿಕ್ಕಿಕೊಂಡಿದ್ದವು. ಕಣ್ಣು ಆ ಚೂರುಗಳನ್ನು ಕೆರಳದೆ ಸಹಿಸಿಕೊಂಡದ್ದನ್ನು ಅವರು ಗಮನಿಸಿದ್ದರು. ಅದೇ ಬಗೆಯ ಪ್ಲಾಸ್ಟಿಕ್ಕಿನಿಂದ ಮಸೂರ ಮಾಡಿಸಿದರು.

ಈಗಿನ ಶಸ್ತ್ರಕ್ರಿಯೆಗೆ ಚಿಕ್ಕ ಕೊಯ್ತ ಸಾಕು, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಹೆಚ್ಚು ಬಲಿತ ಪೊರೆ ಕಲ್ಲಿನಂತೆ ಗಟ್ಟಿಯಾಗಿ ಶಸ್ತ್ರಕ್ರಿಯೆಯನ್ನೇ ಕಷ್ಟ ಮಾಡುತ್ತದೆ. ಅತಿಯಾಗಿ ಬಲಿತರೆ ಕಣ್ಣಿನೊಳಗೆ ಒತ್ತಡ ಏರಿ, ನೋವು ಬಂದು, ದೃಷ್ಟಿ ಶಾಶ್ವತವಾಗಿ ಹೋಗುವುದೂ ಉಂಟು. ನಿಮ್ಮ ಕಾಯಕಕ್ಕೆ, ನಡೆದಾಡುವುದಕ್ಕೆ ಯಾವಾಗ ತೊಂದರೆಯಾಗುತ್ತದೋ ಅದೇ ಪೊರೆ ತೆಗೆಸುವ ಸಮಯ. ಹನಿ ಹಾಕಿ ಪೊರೆ ಕರಗಿಸುತ್ತೇವೆ ಎನ್ನುವವರನ್ನು ನಂಬಬೇಡಿ. ಅಂಥ ಹನಿ ಇಲ್ಲ.

ನಾನು ಮಾಡಿದ ತಪ್ಪು

ಈ “ಬಲಿಯಲಿ” ಎಂಬ ಮಾತನ್ನು ನಾನೇ ಒಮ್ಮೆ ಆಡಿದ್ದೇನೆ. ಅದನ್ನು ನಿಮ್ಮ ಮುಂದೆ ಹೇಳಲೇಬೇಕು.

ನನ್ನ ತಂದೆ ಕೈಮಗ್ಗದ ನೇಕಾರರು. ನಾನು ನರ್ಸಿಂಗ್ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಹಬ್ಬಕ್ಕೆ ಊರಿಗೆ ಹೋದಾಗ ಅವ್ವ ನಗುತ್ತ ಹೇಳಿದಳು: “ನಿಮ್ಮಪ್ಪಗ ಈಗೀಗ ಬಾಗಿಲಾನ ಸಾಲವಲ್ದು ನೋಡು, ಎಡಗಡೆ ಭುಜಾ ಬಡಸ್ಕೊಂಡ ಬರ್ತಾರ.” ಅಪ್ಪ ಎಂದರು: “ವಯಸ್ಸಾತಲ್ಲವಾ.” ನಾನೂ ಕಲಿತವಳ ಗತ್ತಿನಲ್ಲಿ ಹೇಳಿದೆ: “ಪೊರಿ ಬರಾಕತ್ತಿರಬೇಕು ಅಪ್ಪಾ. ಇನ್ನೊಂದು ವರ್ಷ ಬಲೀಲಿ, ಆಮ್ಯಾಲೆ ತಗಸೂಣು.”

ಅನುಮಾನ ಬರಲಿಲ್ಲ, ಏಕೆಂದರೆ ಅಪ್ಪ ಪೇಪರ್ ಓದುತ್ತಿದ್ದರು. ಮಗ್ಗದ ಮೇಲೆ ಹರಿದ ಎಳೆಯನ್ನು ಹುಡುಕಿ ಗಂಟು ಹಾಕುತ್ತಿದ್ದರು. ನೋವಿಲ್ಲ, ಕೆಂಪಿಲ್ಲ. ಒಂದೂವರೆ ವರ್ಷದ ಮೇಲೆ ತಪಾಸಣೆಗೆ ಕರೆದೊಯ್ದಾಗ ವೈದ್ಯರು ಅವರ ಬಲಗಣ್ಣನ್ನು ಮುಚ್ಚಿ ಬೆರಳು ತೋರಿಸಿದರು. ಅಪ್ಪ ಸುಮ್ಮನೆ ಕುಳಿತರು. ಎಡಗಣ್ಣಿಗೆ ಬೆಳಕು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಅದು ಪೊರೆಯಲ್ಲ, ಗ್ಲುಕೋಮಾ.

ಕಣ್ಣಿನೊಳಗೆ ಸದಾ ಒಂದು ದ್ರವ ಹುಟ್ಟುತ್ತದೆ, ಸಣ್ಣ ಕಾಲುವೆಯ ಮೂಲಕ ಹೊರಗೆ ಹೋಗುತ್ತದೆ. ಹೊರಗೆ ಹೋಗುವ ದಾರಿ ಕಟ್ಟಿದರೆ ಒತ್ತಡ ಏರಿ ದೃಷ್ಟಿನರ ಸಾಯತೊಡಗುತ್ತದೆ. ಸಾಮಾನ್ಯವಾಗಿ ಪಕ್ಕದ ನೋಟ ಮೊದಲು ಹೋಗುತ್ತದೆ, ನಡುವಿನದು ಕೊನೆಗೆ. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಕಣ್ಣು ಮುಚ್ಚಿಹಾಕುತ್ತದೆ. ಅದಕ್ಕೇ ರೋಗಿಗೂ ಗೊತ್ತಾಗುವುದಿಲ್ಲ, ಮನೆಯವರಿಗೂ ಗೊತ್ತಾಗುವುದಿಲ್ಲ. ಪೊರೆಯಿಂದ ಹೋದ ದೃಷ್ಟಿಯನ್ನು ಹೆಚ್ಚಾಗಿ ಮರಳಿ ತರಬಹುದು. ಗ್ಲುಕೋಮಾದಿಂದ ಹೋದದ್ದು ಮರಳಿ ಬರುವುದಿಲ್ಲ. ಉಳಿದದ್ದನ್ನು ಕಾಪಾಡಿಕೊಳ್ಳಬಹುದು, ಅಷ್ಟೇ.

ಅಪ್ಪ ನನ್ನನ್ನು ಬೈಯಲಿಲ್ಲ. “ಒಂದರ ಉಳೀತಲ್ಲವಾ” ಎಂದರು. ಅಂದಿನಿಂದ ಇಂದಿನವರೆಗೆ ರಾತ್ರಿ ಒಂಬತ್ತಕ್ಕೆ ಬಲಗಣ್ಣಿಗೆ ಹನಿ ತಪ್ಪಿಲ್ಲ. ಆ ಕಣ್ಣಿನಿಂದಲೇ ಈಗಲೂ ಮಗ್ಗದ ಮುಂದೆ ಕೂಡುತ್ತಾರೆ. ಗ್ಲುಕೋಮಾ ಇದ್ದವರ ಒಡಹುಟ್ಟಿದವರಿಗೂ ಮಕ್ಕಳಿಗೂ ಅದು ಬರುವ ಸಂಭವ ಹೆಚ್ಚಾದ್ದರಿಂದ ನಾನೂ ವರ್ಷಕ್ಕೊಮ್ಮೆ ನಿಮ್ಮ ಹಾಗೆಯೇ ಚೀಟಿ ಮಾಡಿಸಿ ಈ ಬೆಂಚಿನ ಮೇಲೆ ಕೂಡುತ್ತೇನೆ.

ಮರೆಯಲ್ಲಿರುವ ಇನ್ನಿಬ್ಬರು

ಒಂದು, ಸಕ್ಕರೆ ಕಾಯಿಲೆ. ಹಲವು ವರ್ಷ ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ಅಕ್ಷಿಪಟದ ಸಣ್ಣ ರಕ್ತನಾಳಗಳು ಸೋರುತ್ತವೆ. ಮೊದಲು ಏನೂ ಗೊತ್ತಾಗುವುದಿಲ್ಲ. ಕಣ್ಣು ಚೆನ್ನಾಗಿ ಕಾಣುತ್ತಿದ್ದರೂ ಸಕ್ಕರೆ ಕಾಯಿಲೆಯವರು ವರ್ಷಕ್ಕೊಮ್ಮೆ ಹನಿ ಹಾಕಿಸಿಕೊಂಡು ಅಕ್ಷಿಪಟ ತೋರಿಸಬೇಕು. ಬೇಗ ಸಿಕ್ಕರೆ ಲೇಸರ್ ಇದೆ, ಇಂಜೆಕ್ಷನ್ ಇದೆ. ಸಕ್ಕರೆ ಏರಿಳಿಯುವಾಗ ಕನ್ನಡಕದ ನಂಬರೂ ಏರಿಳಿಯುತ್ತದೆ. ಸಕ್ಕರೆ ಹತೋಟಿಗೆ ಬಂದ ಮೇಲೆಯೇ ಕನ್ನಡಕ ಮಾಡಿಸಿ.

ಎರಡು, ಅಕ್ಷಿಪಟದ ನಡುಭಾಗದ ಸವೆತ. ಇದರಲ್ಲಿ ಪಕ್ಕದ್ದು ಕಾಣುತ್ತದೆ, ನೇರ ನೋಡಿದ್ದು ಕಾಣುವುದಿಲ್ಲ. ಎದುರು ಬಂದವರ ಮುಖ ಅಳಿಸಿದಂತಾಗುತ್ತದೆ, ಬಾಗಿಲ ಚೌಕಟ್ಟು, ಕಿಟಕಿಯ ಸರಳು ಸೊಟ್ಟಗೆ ಕಾಣುತ್ತವೆ. ಬೀಡಿ ಸಿಗರೇಟು ಇದಕ್ಕೆ ದೊಡ್ಡ ಕಾರಣ. ಗೆರೆ ಸೊಟ್ಟ ಕಂಡ ಕೂಡಲೇ ಬನ್ನಿ. ಇದರಲ್ಲಿ ಒಂದು ಬಗೆಗೆ ತಕ್ಷಣ ಇಂಜೆಕ್ಷನ್ ಚಿಕಿತ್ಸೆ ಸಿಕ್ಕರೆ ದೃಷ್ಟಿ ಉಳಿಯಬಹುದು.

ಇವಕ್ಕೆ ನಾಳೆ ಎನ್ನಬೇಡಿ

1. ಒಂದು ಕಣ್ಣಿನ ದೃಷ್ಟಿ ಇದ್ದಕ್ಕಿದ್ದಂತೆ ಹೋಗುವುದು ಅಥವಾ ಮಂದವಾಗುವುದು.

2. ಕಣ್ಣು ಕೆಂಪಾಗಿ, ಜೋರು ತಲೆನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ ಕಾಣುವುದು. ಪಿತ್ತವೆಂದು ನಿಂಬೆರಸ ಕುಡಿದು ಮಲಗಬೇಡಿ. ಇದು ಒಮ್ಮೆಲೇ ಏರಿದ ಕಣ್ಣಿನ ಒತ್ತಡ ಇರಬಹುದು, ಅದೇ ದಿನ ಚಿಕಿತ್ಸೆ ಬೇಕು.

3. ಒಮ್ಮೆಲೇ ಕಪ್ಪು ಚುಕ್ಕೆಗಳ ಮಳೆ, ಮಿಂಚು, ಅಥವಾ ಕಣ್ಣಿಗೆ ಪರದೆ ಇಳಿದಂತೆ ಕಾಣುವುದು. ವಯಸ್ಸಾದವರಿಗೆ ಒಂದೆರಡು ಚುಕ್ಕೆ ತೇಲುವುದು ಸಾಮಾನ್ಯ. ಆದರೆ ಹೀಗೆ ಒಮ್ಮೆಲೇ ಹೆಚ್ಚಾದರೆ ಅಕ್ಷಿಪಟ ಹರಿದಿರಬಹುದು.

4. ಶಸ್ತ್ರಕ್ರಿಯೆಯ ನಂತರ ನೋವು, ಕೆಂಪು, ಕೀವು, ದೃಷ್ಟಿ ಕಡಿಮೆಯಾಗುವುದು. ಮುಂದಿನ ತಪಾಸಣೆಯ ದಿನಕ್ಕೆ ಕಾಯಬೇಡಿ.

ಜೊತೆಗೆ ಬಂದಿರುವ ಬಂಧುಗಳಿಗೆ

ಹಿರಿಯರು ತಮ್ಮ ಕಣ್ಣಿನ ತೊಂದರೆಯನ್ನು ಬಾಯಿಬಿಟ್ಟು ಹೇಳುವುದು ಕಡಿಮೆ. ಮಕ್ಕಳಿಗೆ ಖರ್ಚು, ಕೂಲಿ ತಪ್ಪುತ್ತದೆ ಎಂಬ ಸಂಕೋಚ. ಆದರೆ ಮನೆಯ ಕೆಲಸ ಹೇಳುತ್ತದೆ. ಅತ್ತೆ ಆರಿಸಿದ ಅಕ್ಕಿಯಲ್ಲಿ ಕಲ್ಲು ಉಳಿದರೆ, ಚಹಾ ಕಪ್ಪಿನ ಹೊರಗೆ ಬಿದ್ದರೆ, ಮಾವ ಹತ್ತಿರದ ಪರಿಚಯದವರನ್ನು ಮಾತಾಡಿಸದೆ ಹೋದರೆ ಸಿಟ್ಟಾಗಬೇಡಿ, ಕಣ್ಣು ತೋರಿಸಿ.

ಇವತ್ತೇ ಒಂದು ಪರೀಕ್ಷೆ ಮಾಡಿ. ಹನಿ ಹಾಕಿದವರು ನಾಳೆ ಮಾಡಿ. ಕನ್ನಡಕ ಇದ್ದರೆ ಹಾಕಿಕೊಂಡೇ ಇರಲಿ. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ಗೋಡೆಯ ಕ್ಯಾಲೆಂಡರ್ ನೋಡಿ, ಆಮೇಲೆ ಇನ್ನೊಂದು ಕಣ್ಣು. ಎರಡರಲ್ಲಿ ವ್ಯತ್ಯಾಸ ಕಂಡರೆ ವೈದ್ಯರಿಗೆ ಹೇಳಿ. ಇಷ್ಟನ್ನು ನಾನು ಅವತ್ತು ಹಬ್ಬದ ದಿನ ಅಪ್ಪನಿಗೆ ಮಾಡಿಸಿದ್ದರೆ ಸಾಕಿತ್ತು. ಆದರೆ ವ್ಯತ್ಯಾಸ ಕಾಣಲಿಲ್ಲ ಎಂದು ತಪಾಸಣೆ ಬಿಡಬೇಡಿ. ಗ್ಲುಕೋಮಾದ ಮೊದಲ ಹಂತ ಈ ಪರೀಕ್ಷೆಯಲ್ಲಿ ಸಿಗುವುದಿಲ್ಲ, ಒತ್ತಡವನ್ನೂ ನರವನ್ನೂ ವೈದ್ಯರೇ ನೋಡಬೇಕು. ನಲವತ್ತು ದಾಟಿದವರು ಒಮ್ಮೆ ಪೂರ್ತಿ ತಪಾಸಣೆ ಮಾಡಿಸಿ, ಮುಂದೆ ಎಷ್ಟು ದಿನಕ್ಕೊಮ್ಮೆ ಬರಬೇಕೆಂದು ವೈದ್ಯರನ್ನೇ ಕೇಳಿ.

ಮನೆಯಲ್ಲಿ ಬಚ್ಚಲಿಗೆ ಹೋಗುವ ದಾರಿಗೆ ರಾತ್ರಿಯಿಡೀ ಸಣ್ಣ ದೀಪವಿರಲಿ. ಮೆಟ್ಟಿಲ ಅಂಚಿಗೆ ಬಿಳಿ ಅಥವಾ ಹಳದಿ ಬಣ್ಣದ ಪಟ್ಟಿ ಬಳಿಯಿರಿ. ಓದುವಾಗ ಬೆಳಕು ಪುಸ್ತಕದ ಮೇಲೆ ಬೀಳಲಿ, ಕಣ್ಣಿಗೆ ಬೀಳಬಾರದು.

ಹನಿ ಹಾಕುವಾಗ ಕೈ ತೊಳೆದು, ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ಒಂದೇ ಹನಿ ಬಿಡಿ. ಬಾಟಲಿಯ ತುದಿ ಕಣ್ಣಿಗೆ ತಾಗಬಾರದು. ಕಣ್ಣು ಮುಚ್ಚಿಸಿ ಮೂಗಿನ ಕಡೆಯ ಮೂಲೆಯನ್ನು ಒಂದು ನಿಮಿಷ ಒತ್ತಿ ಹಿಡಿಯಿರಿ. ಎರಡು ಬಗೆಯ ಹನಿ ಇದ್ದರೆ ನಡುವೆ ಐದು ನಿಮಿಷ ಬಿಡಿ. ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಹನಿಯನ್ನು ವೈದ್ಯರಿಗೆ ತೋರಿಸದೆ ಹಾಕಬೇಡಿ, ಅದರಿಂದಲೇ ಕಣ್ಣಿನ ಒತ್ತಡ ಏರಬಹುದು. ಗ್ಲುಕೋಮಾದ ಹನಿಯನ್ನು “ಚೆನ್ನಾಗಿ ಕಾಣುತ್ತದಲ್ಲ” ಎಂದು ನಿಲ್ಲಿಸಬೇಡಿ. ಆ ಹನಿ ಇರುವುದು ಈಗ ಕಾಣುತ್ತಿರುವುದನ್ನು ಉಳಿಸಲಿಕ್ಕೆ.

ಹಿರಿಯರೇ, ಮುಪ್ಪು ಬರುವುದನ್ನು ತಡೆಯಲು ಯಾರಿಂದಲೂ ಆಗದು. ಕೂದಲು ನೆರೆತರೆ ನೆರೆಯಲಿ, ಚಾಳೀಸು ಬಂದರೆ ಬರಲಿ. ಆದರೆ “ವಯಸ್ಸಾಯಿತು” ಎಂಬ ತೀರ್ಮಾನವನ್ನು ನೀವು ಮಾಡಬೇಡಿ, ಮಕ್ಕಳೂ ಮಾಡುವುದು ಬೇಡ. ಕಣ್ಣು ಪರೀಕ್ಷಿಸಿದ ವೈದ್ಯರು ಆ ಮಾತು ಹೇಳಿದರೆ ನೆಮ್ಮದಿಯಿಂದ ಮನೆಗೆ ಹೋಗಿ.

ಒಳಗೆ ಹೆಸರು ಕೂಗುತ್ತಿದ್ದಾರೆ. ಹನಿ ಹಾಕಿದವರು ಒಬ್ಬರೇ ಏಳಬೇಡಿ, ಜೊತೆಗಿರುವವರ ಕೈ ಹಿಡಿದುಕೊಂಡು ಹೋಗಿ. ತಪಾಸಣೆ ಮುಗಿದ ಮೇಲೆ ಎಲ್ಲರೂ ದಾಸೋಹದಲ್ಲಿ ಪ್ರಸಾದ ಸ್ವೀಕರಿಸಿಯೇ ಊರಿಗೆ ಹೊರಡಿ.